ಬಲಮೂಲೆಯ ಕಾಲು

ಹುಮನಾಬಾದಿನ ನಮ್ಮ ಓಣಿಯವರು ನಮ್ಮ ಮನೆಯ ಆಟಕ್ಕೆ ‘ಕಾಲು ಮುರಿಯೋ ಆಟ’ ಎಂದು ಹೆಸರಿಟ್ಟಿದ್ದರು. ಹೊಸಬರು ಕೇಳಿದರೆ ಹೆದರಬೇಕು, ಹಾಗಿತ್ತು. ನಿಜಕ್ಕೂ ಅಲ್ಲಿ ಮುರಿಯುವುದೇನೂ ಇರಲಿಲ್ಲ. ಬೀಳುತ್ತಿದ್ದದ್ದು ಹೊರಸಿನ, ಅಂದರೆ ಹಗ್ಗದ ಮಂಚದ ಕಾಲುಗಳು. ನಮ್ಮಪ್ಪ ಖರಾದಿ. ಕಟ್ಟಿಗೆಯನ್ನು ತಿರುಗಣಿಗೆ ಸಿಗಿಸಿ, ಅವ್ವ ಹಗ್ಗ ಜಗ್ಗಿ ಅದನ್ನು ತಿರುಗಿಸುತ್ತಿದ್ದರೆ, ಅಪ್ಪ ಉಳಿ ಹಿಡಿದು ಹೊರಸಿನ ಕಾಲು, ತೊಟ್ಟಿಲ ಗೂಟ, ಲಟ್ಟಣಿಗೆ ಕಡೆಯುತ್ತಿದ್ದ. ಗಂಟು ಬಂದದ್ದು, ಸೀಳು ಬಿಟ್ಟದ್ದು, ಗಿರಾಕಿ ಒಲ್ಲೆನೆಂದು ಬಿಟ್ಟುಹೋದದ್ದು, ಎಲ್ಲ ಸೇರಿ ಹತ್ತು ಕಾಲು ಹಿತ್ತಲಿನಲ್ಲಿದ್ದವು. ಎರಡೂವರೆ ಹೊರಸಿನ ಸಂಸಾರ ಎಂದು ಅವ್ವ ನಗುತ್ತಿದ್ದಳು.

ಆಟವನ್ನು ಅಪ್ಪ ಮತ್ತು ದೊಡ್ಡಪ್ಪ ಹೈದರಾಬಾದಿನ ಕಡೆಯಿಂದ ತಂದಿದ್ದರು. ನಿಜಾಮರ ಕಾಲದಲ್ಲಿ, ಇಬ್ಬರಿಗೂ ಇನ್ನೂ ಮೀಸೆ ಮೂಡುವ ಹೊತ್ತಿನಲ್ಲಿ, ಅಲ್ಲಿನ ಒಂದು ಕ್ಲಬ್ಬಿನಲ್ಲಿ ಸಾಹೇಬರು ಗುಂಡು ಉರುಳಿಸಿ ಕೆಡವಿದ ಕಟ್ಟಿಗೆಗಳನ್ನು ಮತ್ತೆ ಎತ್ತಿ ನಿಲ್ಲಿಸುವ ಕೆಲಸ ಮಾಡಿದ್ದರಂತೆ. ಊರಿಗೆ ಮರಳಿದ ಮೇಲೆ ದೊಡ್ಡಪ್ಪ ಬಸವಕಲ್ಯಾಣದಲ್ಲಿ ಅಂಗಡಿ ಹಾಕಿದ, ಅಪ್ಪ ಹುಮನಾಬಾದಿನಲ್ಲಿ. ಅಪ್ಪ ಹಿತ್ತಲಿನ ಎರಡು ಗೋಡೆಗಳ ನಡುವೆ ಶಹಾಬಾದಿನ ಫರಸಿ ಹಾಸಿದ. ಇಪ್ಪತ್ತು ಹೆಜ್ಜೆ ಉದ್ದ, ಎರಡು ಕಲ್ಲು ಅಗಲ. ಆ ತುದಿಗೆ ಕಾಲುಗಳನ್ನು ಮುಂದೊಂದು, ಅದರ ಹಿಂದೆ ಎರಡು, ಮೂರು, ನಾಲ್ಕು ಎಂದು ನಿಲ್ಲಿಸುವುದು. ಈ ತುದಿಯಿಂದ ಹುಣಸೆ ಕಟ್ಟಿಗೆಯ ಗುಂಡು ಉರುಳಿಸುವುದು. ಒಬ್ಬರಿಗೆ ಎರಡು ಸಲ. ಮೊದಲನೆಯದಕ್ಕೆ ಬೀಳದೆ ನಿಂತದ್ದಕ್ಕೆ ನಮ್ಮಲ್ಲಿ ಶಿಲ್ಲಕ ಎನ್ನುತ್ತಿದ್ದರು. ಬುಟ್ಟಿಯಲ್ಲಿ ಉಳಿದ ರೊಟ್ಟಿಗೂ ನಾವು ಅನ್ನುವುದು ಅದೇ ಮಾತು.

ಆಡುತ್ತಿದ್ದದ್ದು ಅಮಾವಾಸ್ಯೆಗೆ ಮಾತ್ರ. ಅಮಾವಾಸ್ಯೆಯ ದಿನ ನಮ್ಮ ಮಂದಿ ಉಳಿ ಮುಟ್ಟುವುದಿಲ್ಲ. ಆಯುಧಗಳನ್ನು ತೊಳೆದು, ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ ಸುಮ್ಮನಿಡುತ್ತಾರೆ. ಅವತ್ತು ತಿರುಗಣಿ ತಿರುಗಿಸಿದವನ ಮನೆಯ ನೀರನ್ನೂ ನಾಲ್ಕು ಜನ ಮುಟ್ಟುತ್ತಿರಲಿಲ್ಲ. ಕೆಲಸವಿಲ್ಲದ ಆ ದಿನ ದೊಡ್ಡಪ್ಪ ಕಲ್ಯಾಣದಿಂದ ಬಸ್ಸಿಗೆ ಬರುತ್ತಿದ್ದ. ಬಂದವನೇ ಚಹಾಕ್ಕೂ ಕಾಯದೆ ಗುಂಡು ಎತ್ತುತ್ತಿದ್ದ.

ಅಣ್ಣತಮ್ಮಂದಿರ ತಕರಾರು ಒಂದೇ. ಗುಂಡು ಬಿಡುವಾಗ ಹೆಬ್ಬೆರಳನ್ನು ಒಳಕ್ಕೆ ಹೊರಳಿಸಿದರೆ ಅದು ಅರ್ಧ ದಾರಿ ನೆಟ್ಟಗೆ ಹೋಗಿ, ಕೊನೆಗೆ ಎಡಕ್ಕೆ ತಿರುಗಿ, ಮುಂದಿನ ಕಾಲಿನ ಪಕ್ಕೆಗೆ ಹೊಡೆಯುತ್ತದೆ. ಒಂದು ಇನ್ನೊಂದನ್ನು ಕೆಡವುತ್ತ ರಾಶಿ ಬೀಳುತ್ತದೆ. ಮೊದಲನೇ ಸಲಕ್ಕೆ ಈ ತಿರುವೇ ಸರಿ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ. ಶಿಲ್ಲಕ ಉಳಿದ ಒಂಟಿ ಕಾಲಿಗೆ ಏನು ಮಾಡಬೇಕು ಎಂಬಲ್ಲಿ ಜಗಳ. ದೊಡ್ಡಪ್ಪ ಅದಕ್ಕೂ ತಿರುವೇ ಹಾಕುತ್ತಿದ್ದ. ಅದರಲ್ಲೂ ಬಲಮೂಲೆಯ ಕಾಲು ಉಳಿದರೆ ಬಲಗೋಡೆಗೆ ಗುಂಡು ಸವರಿಕೊಂಡು ಹೋಗುವಂತೆ ಬಿಡುತ್ತಿದ್ದ. ನಾಲ್ಕರಲ್ಲಿ ಒಂದು ಸಲ ಬೀಳುತ್ತಿತ್ತು. ಉಳಿದ ಮೂರು ಸಲ ಗುಂಡು ಇನ್ನೇನು ಮುಟ್ಟಿತು ಎನ್ನುವಾಗ ಎಡಕ್ಕೆ ಸರಿದುಬಿಡುತ್ತಿತ್ತು.

“ಫರಸಿ ಹಸಿ ಅದ. ಅದಕ್ಕ ಹೆಚ್ಚಿಗಿ ತಿರುಗಾಕತ್ತದ,” ಎನ್ನುತ್ತಿದ್ದ ದೊಡ್ಡಪ್ಪ.

“ಕುಣಿಲಾರದಾಕಿ ನೆಲ ಡೊಂಕ ಅಂದಳಂತ,” ಎನ್ನುತ್ತಿದ್ದ ಅಪ್ಪ. “ಅಣ್ಣಾ, ಒಂದ ಉಳದಾಗ ಯಾಕ ಕಸರತ್ತು? ಎಡಕ್ಕ ನಿಲ್ಲು. ಬಲಮೂಲಿಗೆ ಅಡ್ಡ ಸೀದಾ ಬಿಡು. ನೆಲ ಹಸಿ ಇರಲಿ, ಒಣಾ ಇರಲಿ, ಸೀದಾ ಹೋಗೂದಕ್ಕ ನೆಲದ ಹಂಗಿಲ್ಲ.”

“ಸೀದಾ ಒಗಿಯೂದು ಆಟ ಅಲ್ಲೋ, ಕೂಲಿ ಕೆಲಸ,” ಎಂದು ದೊಡ್ಡಪ್ಪ ಮೀಸೆ ತಿರುವುತ್ತಿದ್ದ. ಆ ಮನುಷ್ಯ ಮೀಸೆಯನ್ನೂ ಸೀದಾ ಬಿಟ್ಟವನಲ್ಲ.

ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನನಗೆ ಎಂಟು ತುಂಬಿತ್ತು. ಮದುವೆಯ ಮನೆಯೊಂದಕ್ಕೆ ಹೊರಸು ಕೊಡುವ ಗಡುವು ಮೇಲೆ ಬಿದ್ದು, ಅಪ್ಪ ಒಂದು ಅಮಾವಾಸ್ಯೆಯ ದಿನ ಬಾಗಿಲು ಹಾಕಿಕೊಂಡು ಉಳಿ ಹಿಡಿದ. ದೊಡ್ಡಪ್ಪನಿಗೆ ಮೈ ಬಿಸಿಯಾಗಿದೆ, ಬರುವುದಿಲ್ಲ ಎಂದು ಮೊದಲೇ ಸುದ್ದಿ ಬಂದಿತ್ತು. ಅವ್ವ ಹಗ್ಗ ಜಗ್ಗುತ್ತಿದ್ದಳು. ಕಾಲಿನ ಕುತ್ತಿಗೆಗೆ ಅಪ್ಪ ಉಂಗುರ ಬಿಡಿಸುವುದನ್ನು ನೋಡುವ ಆಸೆಗೆ ನಾನು ಹತ್ತಿರ ಹೋದೆ. ದೂರ ನಿಲ್ಲು ಎಂದು ಅಪ್ಪ ಎರಡು ಸಲ ಗದರಿದ್ದು ನೆನಪಿದೆ. ಉಳಿ ಗಂಟಿಗೆ ತಾಕಿತು, ಒಂದು ಚಕ್ಕೆ ಹಾರಿತು, ನನ್ನ ಬಲಗಣ್ಣಿಗೆ ಬಡಿಯಿತು.

ಅವತ್ತೇ ದವಾಖಾನೆಗೆ ಹೋಗಬಹುದಿತ್ತು. ಹೋದರೆ ಹೇಗಾಯಿತು ಎಂದು ಕೇಳುತ್ತಾರೆ, ಊರಿಗೆಲ್ಲ ಗೊತ್ತಾಗುತ್ತದೆ, ಅಮಾವಾಸ್ಯೆಗೆ ಉಳಿ ಹಿಡಿದವನು ಎಂಬ ಹೆಸರು ಬರುತ್ತದೆ. ಅದಕ್ಕೆ ಹೆದರಿ ಪಕ್ಕದ ಮನೆಯ ಬಾಣಂತಿಯ ಎದೆಹಾಲು ತಂದು ಕಣ್ಣಿಗೆ ಬಿಟ್ಟರು. ಒಂದು ದಿನ, ಎರಡು ದಿನ, ಮೂರು ದಿನ. ನಾಲ್ಕನೇ ದಿನ ಕಣ್ಣು ಬಾತು ಬೆಂಕಿಯಾದಾಗ ಬೀದರಿಗೆ ಕರೆದುಕೊಂಡು ಹೋದರು. ತಡವಾಯಿತು ಎಂದರು ಅಲ್ಲಿಯ ಡಾಕ್ಟರು. ಬಲಗಣ್ಣು ಹೋಯಿತು. ಹೊರಗಿನಿಂದ ನೋಡಿದರೆ ಕಪ್ಪಿನ ಮೇಲೆ ಸಾಸಿವೆಯಷ್ಟು ಬಿಳಿ ಚುಕ್ಕೆ, ಅಷ್ಟೇ. ಜಾಲಿಮುಳ್ಳು ಚುಚ್ಚಿತು ಎಂದು ಮನೆಯಲ್ಲಿ ನನಗೆ ಬಾಯಿಪಾಠ ಮಾಡಿಸಿದರು. ದೊಡ್ಡಪ್ಪನಿಗೂ ಅದನ್ನೇ ಹೇಳಿದೆವು. ನಾನೂ ಎಷ್ಟು ಸಲ ಹೇಳಿದೆನೆಂದರೆ, ಆ ಜಾಲಿಗಿಡ ಎಲ್ಲಿತ್ತು ಎಂದು ಕೇಳಿದರೆ ತೋರಿಸುತ್ತಿದ್ದೆ.

ಅಪ್ಪ ಆ ಕಣ್ಣಿನ ಬಗ್ಗೆ ಒಂದು ದಿನವೂ ಮಾತಾಡಲಿಲ್ಲ. ಅದರ ಬದಲು ನನಗೆ ಗುಂಡು ಉರುಳಿಸುವುದನ್ನು ಕಲಿಸಿದ. ಒಂದು ಕಣ್ಣು ಹೋದರೆ ದೂರದ ಅಳತೆ ಹೋಗುತ್ತದೆ. ನೀರಿನ ತಂಬಿಗೆ ಹಿಡಿಯಲು ಹೋಗಿ ಗಾಳಿ ಹಿಡಿಯುತ್ತಿದ್ದೆ. ತಿರುವಿಗೆ ಕೈಯ ರೂಢಿ ಇದ್ದರೆ ಸಾಕು, ಮುಖ ಎತ್ತಲೋ ಇರಲಿ, ಕೈ ತನ್ನ ಪಾಡಿಗೆ ಹೊರಳುತ್ತದೆ. ಸೀದಾ ಬಿಡಬೇಕಾದರೆ ಗುರಿ ಬೇಕು. ಬಲಗೈಯಲ್ಲಿ ಗುಂಡು, ಕಾಣುವುದು ಎಡಗಣ್ಣು. ಅದಕ್ಕೆ ಕುತ್ತಿಗೆಯನ್ನು ಪೂರಾ ಬಲಕ್ಕೆ ತಿರುಗಿಸಿ, ತಲೆ ವಾರೆ ಮಾಡಿ, ಎಡಗಣ್ಣನ್ನು ಗುಂಡಿನ ದಾರಿಯ ಮೇಲೆ ತರಬೇಕು. “ಕಾಲ ನೋಡಬ್ಯಾಡ ತಂಗಿ, ಮೂರನೇ ಫರಸಿ ಸಂದು ನೋಡು. ಅದರ ಮ್ಯಾಲೆ ಹೋದರ ಕಾಲ ತಾನಾ ಸಿಗತದ,” ಎನ್ನುತ್ತಿದ್ದ ಅಪ್ಪ. ಮುದ್ದಿಗೆ ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದ. ಓಣಿಯ ಹುಡುಗಿಯರು ನನ್ನನ್ನು ನೋಡಿ “ಕೋಳಿ ಕಾಳ ನೋಡಿದಂಗ ನೋಡ್ತಾಳ” ಎಂದು ಅಣಕಿಸುತ್ತಿದ್ದರು. ನನ್ನ ನಾಲಿಗೆಯೂ ಕಡಿಮೆ ಇರಲಿಲ್ಲ. ಕೋಳಿಗೆ ಕಾಳಾದರೂ ಸಿಗತದ, ನಿಮಗ ಎರಡು ಕಣ್ಣಿದ್ದು ಏನು ಸಿಕ್ಕದ ಎನ್ನುತ್ತಿದ್ದೆ. ಹನ್ನೆರಡು ತುಂಬುವ ಹೊತ್ತಿಗೆ ಬಲಮೂಲೆಯ ಕಾಲು ನನ್ನಿಂದ ತಪ್ಪಿಸಿಕೊಳ್ಳುವುದು ಅಪರೂಪವಾಯಿತು.

ಹದಿನೆಂಟಕ್ಕೆ ದೊಡ್ಡಪ್ಪ ಒಂದು ಸಂಬಂಧ ತಂದ. ಕೊಹಿನೂರು ಎಂಬ ಊರಿನವರು, ನಮ್ಮವರೇ. ಹುಡುಗ ಬಂಡಿಗಾಲಿ ಮಾಡುವವನು. ಕಣ್ಣಿನ ವಿಷಯ ಹೇಳಿದ್ದೀಯಾ ಎಂದು ಅವ್ವ ಕೇಳಿದ್ದಕ್ಕೆ ದೊಡ್ಡಪ್ಪ ಕೈ ಝಾಡಿಸಿಬಿಟ್ಟ. “ಸಾವಿರ ಸುಳ್ಳ ಹೇಳಿ ಒಂದ ಮದವಿ ಮಾಡು ಅಂದಾರ. ನಾ ಒಂದೂ ಹೇಳಿಲ್ಲ, ಸುಮ್ಮನ ಅದೀನಿ. ಹುಡುಗಿ ತಲಿ ಬಗ್ಗಿಸಿ ಕೂತರ ಆತು. ಲಗ್ನ ಆದಮ್ಯಾಲ ಯಾರ ಏನ ಮಾಡ್ತಾರ?” ಅಪ್ಪ ನೆಲ ನೋಡುತ್ತ ಕೂತಿದ್ದ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹಾಗೆ ಸುಮ್ಮನಿದ್ದುದೇ ಒಪ್ಪಿಗೆಯಾಯಿತು.

ಅವರು ಬಂದ ದಿನ ನಾನು ದೊಡ್ಡಪ್ಪ ಹೇಳಿದಂತೆ ತಲೆ ಬಗ್ಗಿಸಿ ಕೂತೆ. ಹುಡುಗ, ಅವನ ತಾಯಿ, ಸೋದರಮಾವ, ಮೂವರೇ ಬಂದಿದ್ದರು. ತಾಯಿ ನನ್ನ ಹೆಸರು ಕೇಳಿದಳು, ರೊಟ್ಟಿ ಬಡಿಯಲು ಬರುತ್ತದೆಯೇ ಕೇಳಿದಳು. ಹುಡುಗ ಏನೂ ಕೇಳಲಿಲ್ಲ. ಅವನು ಗೋಡೆಗೆ ಒರಗಿಸಿದ್ದ ಹೊಸ ಕಾಲೊಂದನ್ನು ಎತ್ತಿ, ಉಂಗುರದ ಮೇಲೆ ಬೆರಳಾಡಿಸಿ, “ಬಾಳ ಹಗೂರ ಕೈ ಅದರಿ ನಿಮ್ಮದು,” ಎಂದು ಅಪ್ಪನಿಗೆ ಹೇಳಿದ. ನೋಡಲು ಬಂದ ಹುಡುಗಿಯನ್ನು ಬಿಟ್ಟು ಅವಳಪ್ಪನ ಕೆಲಸ ನೋಡಿದ. ನಾನು ಆಗಲೇ ಒಮ್ಮೆ ಕಣ್ಣೆತ್ತಿ ಅವನ ಮುಖ ನೋಡಿದೆ. ಉದ್ದ ಮುಖ, ಕೆನ್ನೆಯ ಮೇಲೆ ಕಟ್ಟಿಗೆಯ ಹುಡಿ ಇನ್ನೂ ಇತ್ತು, ಹೊರಡುವ ಅವಸರದಲ್ಲಿ ತೊಳೆದದ್ದು ಸಾಲದೆ ಉಳಿದದ್ದು. ಅವನು ನನಗೆ ಮನಸ್ಸಿಗೆ ಬಂದ. ಇದನ್ನು ಬರೆಯಲು ಈಗ ನಾಚಿಕೆಯೇನಿಲ್ಲ. ಈ ಮನುಷ್ಯನ ಮನೆಗೆ ನಾನು ಹೋಗಬೇಕು ಎಂದು ಅಷ್ಟು ಹೊತ್ತಿನಲ್ಲೇ ನಿಶ್ಚಯ ಮಾಡಿಕೊಂಡಿದ್ದೆ.

ಕೆಲಸ ಕೆಟ್ಟದ್ದು ದೊಡ್ಡಪ್ಪನ ಬಾಯಿಯಿಂದ. ಚಹಾ ಮುಗಿಯಿತು, ಎಲ್ಲ ಚೆನ್ನಾಗಿ ಹೋಗುತ್ತಿದೆ ಎಂಬ ಹುಮ್ಮಸ್ಸಿನಲ್ಲಿ ಹಿತ್ತಲಿನ ಆಟದ ಸುದ್ದಿ ಎತ್ತಿದ. ಅಮಾವಾಸ್ಯೆಯಲ್ಲದಿದ್ದರೂ ಎಲ್ಲರನ್ನೂ ಕರೆದುಕೊಂಡು ಹೋದ. ಅಪ್ಪ ಆ ತುದಿಗೆ ಹೋಗಿ ಹತ್ತು ಕಾಲು ನಿಲ್ಲಿಸಿದ. ಹುಡುಗ ಗುಂಡನ್ನು ಅಂಗೈಯಲ್ಲಿ ತಿರುಗಿಸಿ, ಒಂದು ಬದಿ ಭಾರ ಇದೆಯಲ್ಲ ಎಂದು ನಕ್ಕು, ಉರುಳಿಸಿದ. ಮೊದಲ ಸಲದವನಿಗೆ ಒಂಬತ್ತು ಬಿದ್ದವು. ಉಳಿದದ್ದು ಬಲಮೂಲೆಯ ಕಾಲು. ಅವನ ಎರಡನೆಯದು ತಪ್ಪಿತು. ದೊಡ್ಡಪ್ಪ ತಾನು ತೋರಿಸುತ್ತೇನೆಂದು ಗೋಡೆ ಸವರುವ ತಿರುವು ಹಾಕಿದ. ಅದೂ ಎಡಕ್ಕೆ ಸರಿಯಿತು.

“ನಮ್ಮ ಹುಡುಗಿ ಇದನ್ನ ಬಿಡಂಗಿಲ್ಲ ನೋಡ್ರಿ,” ಎಂದುಬಿಟ್ಟ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ.

“ಹೌದೇನವ್ವಾ? ಒಗಿ ನೋಡೂಣು,” ಎಂದಳು ಹುಡುಗನ ತಾಯಿ. ಅವಳ ದನಿಯಲ್ಲಿ ಪರೀಕ್ಷೆ ಇರಲಿಲ್ಲ, ಅಕ್ಕರೆ ಇತ್ತು.

ಗುಂಡು ನನ್ನ ಕೈಗೆ ಬಂತು. ದೊಡ್ಡಪ್ಪ ನನ್ನ ಕಿವಿಯ ಹತ್ತಿರ, “ತಿರುವ ಹಾಕು. ಬೀಳದಿದ್ದರ ಬ್ಯಾಡ,” ಎಂದ. ಅವನು ಹೇಳಬೇಕಾಗಿಯೇ ಇರಲಿಲ್ಲ. ಎಡಕ್ಕೆ ಹೋಗಿ ಕುತ್ತಿಗೆ ವಾರೆ ಮಾಡಿದರೆ ಎಲ್ಲ ಬಯಲಾಗುತ್ತದೆಂದು ನನಗೂ ಗೊತ್ತಿತ್ತು. ತಿರುವು ಹಾಕಿದರೆ ಗುಂಡು ತಪ್ಪುತ್ತದೆ, ನಾಲ್ಕು ಮಂದಿ ನಗುತ್ತಾರೆ, ಮದುವೆ ಉಳಿಯುತ್ತದೆ. ನಾನು ಬಲಗೋಡೆಯ ಬದಿಗೆ ನಿಂತೆ. ಮುಖ ಮುಂದೆ, ಗದ್ದ ಕೆಳಗೆ. ಹೆಬ್ಬೆರಳು ಒಳಕ್ಕೆ ಹೊರಳಿತು.

“ಸೀದಾ ಒಗಿ, ತಂಗಿ.”

ಆ ತುದಿಯಿಂದ ಅಪ್ಪ ಕೂಗಿದ್ದ. ಹಿತ್ತಲೆಲ್ಲ ಕೇಳುವಂತೆ ಕೂಗಿದ್ದ. ನಾನು ಅಲ್ಲೇ ನಿಂತೆ. ಅವನು ಮತ್ತೊಮ್ಮೆ, “ಎಡಕ್ಕ ಹೋಗು. ನಾ ಕಲಿಸಿದಂಗ ಒಗಿ,” ಎಂದ. ಅಪ್ಪ ಹೇಳಿದ್ದನ್ನು ಬಂದವರ ಮುಂದೆ ಮೀರುವುದು ಆಗ ನನ್ನಿಂದಾಗದ ಕೆಲಸ. ಎಡಕ್ಕೆ ಹೋದೆ. ಕುತ್ತಿಗೆ ತಿರುಗಿಸಿದೆ, ತಲೆ ವಾರೆ ಮಾಡಿದೆ, ಮೂರನೇ ಫರಸಿಯ ಸಂದು ನೋಡಿದೆ. ಕಾಲು ಬಿತ್ತು. ಹುಡುಗ ಒಬ್ಬನೇ ಚಪ್ಪಾಳೆ ತಟ್ಟಿದ.

“ಯಾಕ ಹಂಗ ಕುತ್ತಿಗಿ ಹೊರಳಿಸಿದೆವ್ವಾ?” ಎಂದಳು ಅವನ ತಾಯಿ.

ನಾನು ಬಾಯಿ ತೆರೆಯುವುದರೊಳಗೆ ಅಪ್ಪ ಫರಸಿಯ ಮೇಲೆ ನಡೆದುಕೊಂಡು ಬಂದ. “ಅಕೀಗೆ ಬಲಗಣ್ಣ ಕಾಣಂಗಿಲ್ಲರಿ. ಮುಳ್ಳ ಚುಚ್ಚಿತು ಅಂತ ಊರಿಗೆಲ್ಲ ಹೇಳೀವಿ, ಚುಚ್ಚಿಲ್ಲ. ಅಮಾಸಿ ದಿನ ನಾ ಬಾಗಲಾ ಹಾಕ್ಕೊಂಡು ಉಳಿ ಹಿಡದಿದ್ದೆ. ನನ್ನ ಉಳಿ ಚಕ್ಕಿ ಬಡದು ಹೋತು. ಮಂದಿಗೆ ತಿಳೀತದ ಅಂತ ಮೂರು ದಿನ ಮನ್ಯಾಗ ಇಟ್ಟಕೊಂಡೆ. ಅದಕ್ಕ ಪೂರಾ ಹೋತು. ತಪ್ಪು ನಂದರಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ದೊಡ್ಡಪ್ಪ ಅಪ್ಪನನ್ನು ಹೊಸ ಮನುಷ್ಯನನ್ನು ನೋಡುವಂತೆ ನೋಡುತ್ತಿದ್ದ. ಬಂದವರು ಮರ್ಯಾದಸ್ಥರು. ಯಾರೂ ದನಿ ಏರಿಸಲಿಲ್ಲ. ಹೋಗಿ ಬರ್ತೇವ್ರಿ, ತಿಳಸ್ತೇವಿ ಎಂದರು. ಹುಡುಗ ಹೊಸ್ತಿಲ ಹತ್ತಿರ ಒಮ್ಮೆ ತಿರುಗಿ ನೋಡಿದ. ನಾನೂ ನೋಡಿದೆ. ಆಗ ತಲೆ ಬಗ್ಗಿಸುವ ಕಾರಣವೇನೂ ಉಳಿದಿರಲಿಲ್ಲ.

ವಾರದ ಮೇಲೆ ದೊಡ್ಡಪ್ಪನ ಕಡೆಯಿಂದ ಸುದ್ದಿ ಬಂತು. ಕಣ್ಣಿನದು ದೊಡ್ಡ ಮಾತಲ್ಲ, ಆದರೆ ಹತ್ತು ವರ್ಷ ಊರಿಗೆಲ್ಲ ಮುಳ್ಳಿನ ಕಥೆ ಹೇಳಿದ ಮನೆಯವರು ಇನ್ನೂ ಏನೇನು ಮುಚ್ಚಿಟ್ಟಿದ್ದಾರೋ ಎಂದರಂತೆ. ಆ ಮಾತು ದೊಡ್ಡಪ್ಪನದೂ ಆಗಿತ್ತು. ತಮ್ಮ ತನಗೂ ಸುಳ್ಳು ಹೇಳಿದ್ದ ಎಂಬ ಸಿಟ್ಟಿಗೆ ಅವನು ಬಹಳ ವರ್ಷ ನಮ್ಮ ಮನೆಯ ಕಡೆ ಹಾಯಲಿಲ್ಲ. ಓಣಿಯಲ್ಲಿ ಕೆಲವರು ಅಪ್ಪನನ್ನು ಕಂಡರೆ ದಾರಿ ಬದಲಿಸಿದರು. ಹೊರಸಿನ ಗಿರಾಕಿ ಕೆಲವು ತಿಂಗಳು ಕಡಿಮೆಯಾಗಿ, ಆಮೇಲೆ ತಾನೇ ಸರಿಹೋಯಿತು. ಮಲಗಲು ಹೊರಸು ಬೇಕಾದವರಿಗೆ ಅಮಾವಾಸ್ಯೆ ಎಷ್ಟು ದಿನ ನೆನಪಿರುತ್ತದೆ?

ಅಪ್ಪನ ಮೇಲೆ ನನಗೆ ಬಂದ ಸಿಟ್ಟು ಹಾಗೆ ಇಳಿಯಲಿಲ್ಲ. ಊರವರು ಅವನನ್ನು ಬೈದರೆ ಬೈಯಲಿ ಎನಿಸುತ್ತಿತ್ತು. ಕೆಲವರು, ಎಂಥ ಸತ್ಯವಂತ ನಿಮ್ಮಪ್ಪ ಎಂದು ಹೊಗಳಿದಾಗ ಮಾತ್ರ ಮೈ ಉರಿಯುತ್ತಿತ್ತು. ಸತ್ಯ ಹೇಳುವವನು ಮೊದಲ ದಿನವೇ ಹೇಳಬೇಕಿತ್ತು, ದೊಡ್ಡಪ್ಪ ಸಂಬಂಧ ತಂದಾಗ ಹೇಳಬೇಕಿತ್ತು. ನನ್ನ ಕೈಯಲ್ಲಿ ಗುಂಡು ಇದ್ದಾಗ, ನಾನು ಆ ಹುಡುಗನನ್ನು ನೋಡಿ ಮೆಚ್ಚಿದ ಮೇಲೆ, ಯಾಕೆ ಹೇಳಬೇಕಿತ್ತು? ಎರಡು ವರ್ಷ ಅಪ್ಪನಿಗೆ ಊಟಕ್ಕೆ ಏಳು, ಸ್ನಾನಕ್ಕೆ ನೀರು ಕಾದಿದೆ ಎಂಬುದರ ಹೊರತು ಹೆಚ್ಚು ಮಾತಾಡಲಿಲ್ಲ. ಗುಂಡನ್ನಂತೂ ಮತ್ತೆ ಮುಟ್ಟಲಿಲ್ಲ. ಆಮೇಲೆ ಚಿಟಗುಪ್ಪದ ಸಂಬಂಧ ಬಂತು. ಮೊದಲ ಮಾತಿಗೇ ಕಣ್ಣಿನ ವಿಷಯ ಹೇಳಿದರು, ಅವರು ಒಪ್ಪಿದರು, ಮದುವೆಯಾಯಿತು. ನನ್ನ ಗಂಡ ಒಳ್ಳೆಯವನು. ಹೆಚ್ಚು ಮಾತಿಲ್ಲ, ಹೆಚ್ಚು ಸಿಟ್ಟಿಲ್ಲ. ಮೂರು ಮಕ್ಕಳಾದವು. ನನ್ನ ಬದುಕು ಕೆಟ್ಟಿತೆಂದು ಯಾರೂ ಹೇಳುವಂತಿಲ್ಲ, ನಾನೂ ಹೇಳುವುದಿಲ್ಲ.

ಎಂಬತ್ತರ ದಶಕಕ್ಕೆ ಕಬ್ಬಿಣದ ಮಂಚ ಬಂದು ಹೊರಸಿನ ಕಾಲು ಕೇಳುವವರು ಕಡಿಮೆಯಾದರು. ಅವ್ವ ತೀರಿಕೊಂಡಿದ್ದಳು. ಅಪ್ಪನಿಗೆ ಉಸಿರಿನ ರೋಗ, ಎದೆ ತುಂಬ ಕಟ್ಟಿಗೆಯ ಹುಡಿ ಕೂತಿದೆ ಎಂದಿದ್ದರು. ಕಲ್ಯಾಣದಿಂದ ದೊಡ್ಡಪ್ಪ ಒಮ್ಮೆ ಬಂದು, ಹಳೆಯದನ್ನು ಎತ್ತದೆ, ತಮ್ಮನ ಕೈ ಹಿಡಿದು ಅರ್ಧ ದಿನ ಕೂತು ಹೋಗಿದ್ದ. ನಾನು ಚಿಟಗುಪ್ಪದಿಂದ ಬಸ್ಸಿಗೆ ಬಂದು ನಾಲ್ಕಾರು ದಿನ ಇದ್ದು ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಗಂಜಿ ಕುಡಿಸಿ ಬಾಯಿ ಒರೆಸುವಾಗ, ಯಾಕೋ, ಇಷ್ಟು ವರ್ಷ ನುಂಗಿಕೊಂಡಿದ್ದು ಹೊರಗೆ ಬಂತು.

“ಅವತ್ತ ಯಾಕ ಹಂಗ ಕೂಗಿದೆಪ್ಪಾ?”

ಯಾವತ್ತು ಎಂದು ಅವನು ಕೇಳಲಿಲ್ಲ. ಉಸಿರು ಕೂಡಿಸಿಕೊಳ್ಳಲು ಹೊತ್ತು ಹಿಡಿಯಿತು.

“ನೀ ತಿರುವ ಹಾಕಾಕಿ ಅಂತ ಕಂಡಿತು. ನನ್ನ ಸುಳ್ಳ ನಿನ್ನ ಕೈಯಾಗ ಬಂತಲ್ಲ ಅನಿಸಿತು. ಮಂದಿ ನನ್ನ ಭಾಳ ಖರೆ ಮನಿಷಾ ಅಂದರು. ಅದು ಖರೆ ಅಲ್ಲವ್ವಾ. ಹತ್ತು ವರ್ಷ ಆಗಿತ್ತು, ನನಗ ತಡೀಲಿಲ್ಲ. ನಿನ್ನ ಸಲುವಾಗಿ ಅಲ್ಲ, ನನ್ನ ಸಲುವಾಗಿ ಕೂಗಿದೆ. ನಿನ್ನ ಲಗ್ನ ಮುರೀತದ ಅಂತ ಗೊತ್ತಿದ್ದೂ ಕೂಗಿದೆ.”

ಇಷ್ಟು ವರ್ಷ ನಾನು ಒಬ್ಬ ಸತ್ಯವಂತನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಎದುರಿಗಿದ್ದವನು ಅವನಲ್ಲ. ಭಾರ ಹೊತ್ತು ಸಾಕಾಗಿ, ಎಲ್ಲಿ ಇಳಿಸಬೇಕು ತಿಳಿಯದೆ, ಮಗಳ ಮೇಲೇ ಇಳಿಸಿದ ಒಬ್ಬ ಮನುಷ್ಯ. ನನಗೆ ಅಳು ಬಂತು. ಸಿಟ್ಟಿಗೋ ಮರುಕಕ್ಕೋ ತಿಳಿಯಲಿಲ್ಲ, ಎರಡೂ ಇದ್ದವು. ಹತ್ತಿರ ಬರಬೇಡ ಎಂದು ನೀನು ಹೇಳಿದ್ದೆ, ನಾನೇ ಬಂದೆ ಎಂದು ಹೇಳಿದೆ. ಅವನು ತಲೆಯಾಡಿಸಿದ. ಎಂಟು ವರ್ಷದ ಕೂಸು ಬರದೆ ಇನ್ನೇನು ಮಾಡೀತು ಎಂದ.

ಅವನ ಹೊದಿಕೆ ಸರಿಪಡಿಸಿ ಪಕ್ಕದಲ್ಲೇ ಕೂತೆ. ಅವನಿಗೆ ನಿದ್ದೆ ಹತ್ತಿತೆಂದು ಏಳಹೋದೆ. ಅಪ್ಪ ನನ್ನ ಕೈ ಹಿಡಿದು ಕೂರಿಸಿದ.

“ಒಂದ ಮಾತ ಕೇಳ್ತೀನಿ, ಖರೆ ಹೇಳು. ಆ ಕೊಹಿನೂರಿನ ಹುಡುಗ, ಅಂವಾ ನಿನಗ ಮನಸಿಗೆ ಬಂದಿದ್ದನೇನು?”

ಅವನು ನನ್ನ ಕಾಣುವ ಕಣ್ಣನ್ನೇ ನೋಡುತ್ತಿದ್ದ. ನಾನು ಆ ಕಣ್ಣನ್ನು ಅತ್ತಿತ್ತ ಸರಿಸಲಿಲ್ಲ.

“ಇಲ್ಲಪ್ಪಾ,” ಎಂದೆ. “ನಾ ಅವನ ಮುಖಾನೂ ನೋಡಿದ್ದಿಲ್ಲ.”

“ಹಂಗಾದರ ಛಲೋ ಆತು,” ಎಂದು ಅಪ್ಪ ಕೈ ಬಿಟ್ಟು ಕಣ್ಣು ಮುಚ್ಚಿದ.